ಗಾದಿಯ ನಡುವಿನ ತಗ್ಗು

ಹೊಸ ಗಾದಿಯ ಪ್ಲಾಸ್ಟಿಕ್ ಹೊದಿಕೆ ಸುಲಿದು ಹಾಕಿ ವಾರ ಕಳೆದರೂ ಅದರ ವಾಸನೆ ಹೋಗಿಲ್ಲ. ಹೊಸ ಬಸ್ಸಿನ ಸೀಟಿನಲ್ಲಿ ಕೂತಾಗ ಬರುತ್ತದಲ್ಲ, ಅದೇ ವಾಸನೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದು ಮೂಗಿಗೆ ಬಡಿದು, ಎಲ್ಲಿಗೋ ಹೊರಟಿದ್ದೇನೆ, ಟಿಕೀಟು ತೆಗೆಸಿಲ್ಲ ಎಂದು ಗಾಬರಿಯಾಗಿ ಏಳುತ್ತೇನೆ. ಆಮೇಲೆ ಇದು ಬೆಂಗೇರಿಯ ನಮ್ಮದೇ ಮನೆ, ಪಕ್ಕದಲ್ಲಿ ಮಲಗಿದವರು ನಮ್ಮವರೇ ಎಂದು ತಿಳಿದು ಸಮಾಧಾನವಾಗುತ್ತದೆ. ಹಳೆಯ ಗಾದಿಗೆ ಅರಳೆಯ ವಾಸನೆ ಇತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಔಡಲೆಣ್ಣೆ ಹಚ್ಚಿದ ತಲೆಯದು. ನಾನು ಈ ಮನೆಗೆ ಬಂದಾಗಿನಿಂದ ಇಲ್ಲಿ ಯಾರೂ ಔಡಲೆಣ್ಣೆ ಹಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಗಾದಿ ಬದಲಿಸುವುದು ಅಂಥ ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ರಾಯಾಪುರದ ಅಂಗಡಿಗೆ ಹೋದವಳು. ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಮಂಚಗಳು, ಬಿಳಿ ಚಾದರ ಹಾಸಿಕೊಂಡು, ಯಾರೂ ಮಲಗದೆ, ಸಾಲಾಗಿ. ಹಾಡುಹಗಲು, ಟ್ಯೂಬ್‌ಲೈಟು ಬೇರೆ, ಆದರೂ ಅಲ್ಲಿ ಮಾತಾಡುವವರೆಲ್ಲ ಸಣ್ಣ ದನಿಯಲ್ಲೇ ಮಾತಾಡುತ್ತಿದ್ದರು. ಮಲಗಿದವರು ಎದ್ದಾರು ಎನ್ನುವ ಹಾಗೆ. ಗಾದಿ ತೋರಿಸುತ್ತಿದ್ದ ಹೆಣ್ಣುಮಗಳು ಮಾತ್ರ ಗಟ್ಟಿ ಗಂಟಲಿನವಳು. ನಾನು ಗಾದಿಯನ್ನು ಕೈಯಿಂದ ಅಮುಕಿ ನೋಡುವುದನ್ನು ಕಂಡು ನಕ್ಕಳು.

"ಕೈಲೆ ಒತ್ತಿ ನೋಡಿದ್ರ ಏನ ತಿಳಿತೈತ್ರಿ ಕಾಕೂ. ಮಲಗಿ ನೋಡ್ರಿ. ಕಾಕಾ, ನೀವೂ ಬರ್ರಿ. ನಾಚಕೋಬ್ಯಾಡ್ರಿ, ಇಲ್ಲಿ ಎಲ್ಲಾರೂ ಮಲಗೇ ತಗೊಂಡು ಹೋಗ್ತಾರ."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಹಳೆಯ ವಿದ್ಯಾರ್ಥಿಗಳು ಈ ಅವಳಿ ಊರಿನ ಯಾವ ಮೂಲೆಯಲ್ಲಿ ಬೇಕಾದರೂ ಎದುರಾಗುತ್ತಾರೆ. ಅಂಗಡಿಯಲ್ಲಿ ಗಂಡನ ಜೊತೆ ಮಲಗಿದ ಟೀಚರನ್ನು ಅವರು ಕಂಡರೆ ಹೇಗೆ ಎಂದು ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ಮಲಗಿದೆ. ಆ ಬದಿಯಿಂದ ಇವರು ಮಲಗಿದರು. ಗಾದಿ ಗಟ್ಟಿಯಾಗಿತ್ತು, ಹಿತವಾಗಿಯೂ ಇತ್ತು. ಅಷ್ಟರಲ್ಲಿ ಆ ಹುಡುಗಿ ಕೇಳಿದಳು.

"ಅಲ್ಲರೀ ಕಾಕೂ, ನಡುವ ಯಾರಿಗೆ ಜಾಗಾ ಬಿಟ್ಟೀರಿ?"

ಚೀಲ ಸರಿಸಿ ನೋಡಿದೆ. ನಾನು ಈ ಅಂಚಿನಲ್ಲಿದ್ದೆ, ಇವರು ಆ ಅಂಚಿನಲ್ಲಿದ್ದರು. ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಹಾಗೇ ಇತ್ತು. ಇದು ನಮ್ಮ ಮನೆಯ ಗಾದಿಯಲ್ಲ, ಯಾರ ಮೈಯೂ ಸೋಕದ ಹೊಸದು. ಆದರೂ ಇಬ್ಬರೂ ಕೂಡಿ ಮಾತಾಡಿಕೊಂಡವರಂತೆ ಸರಿದು ಮಲಗಿದ್ದೆವು. ಇವರು ನನ್ನ ಮುಖ ನೋಡದೆ ಎದ್ದು ಚಪ್ಪಲಿ ಹುಡುಕತೊಡಗಿದರು.

ಮನೆಯ ಗಾದಿಯ ವಿಷಯ ಹೇಳದೆ ಇದು ನಿಮಗೆ ತಿಳಿಯುವಂತಿಲ್ಲ. ನಮ್ಮ ಮದುವೆಗೆ ಅತ್ತೆ ಮುಂದೆ ನಿಂತು ಮಾಡಿಸಿದ ಅರಳೆಯ ಗಾದಿ ಅದು. ಕೆಂಪು ಪಟ್ಟೆಯ ಗವಸು, ಎತ್ತಲು ಇಬ್ಬರು ಬೇಕು. ಅರಳೆಯ ಗಾದಿಯ ಸ್ವಭಾವ ನಿಮಗೆ ಗೊತ್ತಿದೆ. ಮೈ ಬಿದ್ದಲ್ಲಿ ಕುಸಿಯುತ್ತದೆ. ಗಂಡ ಹೆಂಡತಿ ಮಲಗುವ ಗಾದಿಯಲ್ಲಿ ಎರಡು ತಗ್ಗು ಬಿದ್ದು ನಡುವೆ ದಿಬ್ಬ ಉಳಿಯುತ್ತದೆ. ನಮ್ಮದರಲ್ಲಿ ಎರಡೂ ಬದಿ ಎತ್ತರವಾಗಿದ್ದು ನಡುವೆ, ಯಾರೂ ಮಲಗದ ಜಾಗದಲ್ಲಿ, ಒಂದೇ ತಗ್ಗು ಬಿದ್ದಿತ್ತು.

ಮಲಗುವಾಗ ನಾವು ಹತ್ತಿರವೇ ಇರುತ್ತಿದ್ದೆವು. ನಮಗೆ ಒಬ್ಬ ಮಗಳಿದ್ದಾಳೆ, ಆದ್ದರಿಂದ ನೀವು ಬೇರೇನೂ ತಿಳಿಯಬೇಡಿ. ಆದರೆ ಬೆಳಗಾಗುವಷ್ಟರಲ್ಲಿ ಇಬ್ಬರೂ ಅಂಚು ಹಿಡಿದಿರುತ್ತಿದ್ದೆವು. ಹೊಸದಾಗಿ ಮದುವೆಯಾದವಳಿಗೆ ಅದು ಅವಮಾನವೆನಿಸುತ್ತಿತ್ತು. ಇವರಿಗೆ ನಾನು ಹಿಡಿಸಿಲ್ಲವೇನೋ ಎಂದು ಎಷ್ಟೋ ಬೆಳಗು ಗೋಡೆ ನೋಡುತ್ತ ಮಲಗಿದ್ದಿದೆ. ಆಮೇಲೆ ಗಮನಿಸಿದರೆ ಸರಿದು ಮಲಗುವವರು ಇವರೊಬ್ಬರೇ ಅಲ್ಲ, ನಾನೂ ಅಷ್ಟೇ ಸರಿದಿರುತ್ತಿದ್ದೆ.

ಮಗಳು ಕೂಸಾಗಿದ್ದಾಗ ಅವಳನ್ನು ಆ ತಗ್ಗಿನಲ್ಲೇ ಮಲಗಿಸುತ್ತಿದ್ದೆ. ತೊಟ್ಟಿಲಿನಲ್ಲಿ ಚೀರಿ ಮನೆ ಒಂದು ಮಾಡುವ ಹುಡುಗಿ ಅಲ್ಲಿ ಹಾಕಿದೊಡನೆ ಸುಮ್ಮನಾಗುತ್ತಿದ್ದಳು. ನಾನು ಒಲೆಯ ಮುಂದಿನಿಂದ ಇಣುಕಿದರೆ, ಯಾರೋ ಬೆನ್ನು ತಟ್ಟುತ್ತಿರುವ ಹಾಗೆ ಅವಳ ಮೈ ಮೆಲ್ಲಗೆ ಅಲುಗುತ್ತಿತ್ತು. ಕೂಸುಗಳು ಹಾಗೇ ಉಸಿರಾಡುತ್ತವೆ ಎಂದುಕೊಂಡು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಕೈಗೆ ಬಿಡುವು ಸಿಗುತ್ತಿತ್ತಲ್ಲ, ಹೆಚ್ಚು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಬೆಳಿಗ್ಗೆ ಚಾದರ ಕೊಡವುವಾಗ ತಗ್ಗಿನಲ್ಲಿ ಅಂಗೈ ಇಟ್ಟರೆ ಬೆಚ್ಚಗಿರುತ್ತಿತ್ತು. ಇದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು: ಎರಡು ಮೈಗಳ ಶಾಖ ನಡುವಿನ ತಗ್ಗಿಗೆ ಇಳಿದು ನಿಲ್ಲುತ್ತದೆ. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಒಮ್ಮೆ ತಂಗಿಯ ಮದುವೆಗೆಂದು ಎಲ್ಲರೂ ಊರಿಗೆ ಹೋಗಿ, ಎಷ್ಟೋ ದಿನದ ಮೇಲೆ ಬೀಗ ತೆಗೆದು ಒಳಗೆ ಬಂದೆವು. ಅಂದು ಕೈ ಇಟ್ಟು ನೋಡಬಾರದಿತ್ತು, ನೋಡಿದೆ. ಬೆಚ್ಚಗಿತ್ತು. ಕಿಟಕಿಯ ಬಿಸಿಲು ಬಿದ್ದಿರಬೇಕು ಎಂದುಕೊಂಡೆ. ನಮ್ಮ ಕೋಣೆಯ ಕಿಟಕಿಯಿಂದ ಬಿಸಿಲು ಬರುವುದಿಲ್ಲ, ಹೊರಗೆ ಪಕ್ಕದ ಮನೆಯ ಗೋಡೆಯಿದೆ.

ಮಗಳು ಸಾಲೆಗೆ ಹೋಗತೊಡಗಿದ ವರ್ಷ ಅರಳೆ ಹಿಂಜುವವನೊಬ್ಬ ಬಿಲ್ಲು ಮೀಟುತ್ತ ನಮ್ಮ ಓಣಿಗೆ ಬಂದ. ಕರೆದು ಅಂಗಳದಲ್ಲಿ ಗಾದಿ ಬಿಚ್ಚಿಸಿದೆ. ಎರಡೂ ಬದಿಯಲ್ಲಿ ಬೆಳ್ಳಗಿನ ಅರಳೆ ಇತ್ತು. ನಡುವೆ ಮಾತ್ರ ಬಣ್ಣಗೆಟ್ಟು ಗಂಟುಗಟ್ಟಿದ ಬೇರೆ ಅರಳೆ.

"ಇದು ಭಾಳ ಹಳೀದೈತ್ರಿ. ತಗದು ಒಗೀಲೇನ್ರಿ?" ಎಂದು ಅವನು ಕೇಳಿದ.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಎದ್ದು ಬಂದರು. "ಒಂದ ಎಳೀನೂ ಒಗಿಬ್ಯಾಡಪಾ. ಎಲ್ಲಾ ಅದರಾಗ ಹಾಕು."

ಅವನು ಊಟಕ್ಕೆ ಹೋದಾಗ ಅತ್ತೆಯನ್ನು ಕೇಳಿದೆ. ಅವರು ಆ ಹಳೆಯ ಅರಳೆಯ ಮುಂದೆ ಕೂತು ಅದನ್ನು ಬೆರಳಿನಿಂದ ಬಿಡಿಸುತ್ತ ಹೇಳಿದರು, "ಗಂಗವ್ವಂದು ಅದು."

ಗಂಗವ್ವ ಅತ್ತೆಯ ತಂಗಿ, ನಮ್ಮವರಿಗೆ ಚಿಗವ್ವ. ಗಂಡನ ಮನೆಯವರು ಹೊರಗೆ ಹಾಕಿದ ಮೇಲೆ ಅಕ್ಕನಲ್ಲಿಗೆ ಬಂದು, ನಮ್ಮ ಮದುವೆಗೆ ಮೊದಲೇ ಇದೇ ಮನೆಯಲ್ಲಿ ತೀರಿಕೊಂಡವಳು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ಗಂಡನ ಮನ್ಯಾಗ ಪಡಸಾಲಿ ಮೂಲ್ಯಾಗ ಚೀಲಾ ಹಾಸ್ಕೊಂಡು ಮಲಗತಿದ್ದಳವಾ ಆಕಿ. ಬಾಜೂಕ ಒಂದಿನಾ ಯಾರೂ ಮಲಗಲಿಲ್ಲ. ಇಲ್ಲಿಗೆ ಬಂದ ಮ್ಯಾಲೆ ಹತ್ತಿ ಬಿಡಸಾಕ ಹೋಗಾಕಿ. ಕೂಲಿ ಬ್ಯಾಡ್ರಿ, ಹತ್ತೀನ ಕೊಡ್ರಿ ಅಂತ ಉಡ್ಯಾಗ ಕಟಗೊಂಡು ಬರಾಕಿ. ಹಂಗ ಕೂಡಿಸಿ ಕೂಡಿಸಿ ಒಂದು ಗಾದಿ ಮಾಡಿಕೊಂಡಳು. ಅದರ ಮ್ಯಾಲೂ ಮೊಣಕಾಲ ಎದಿಗೆ ಹಚ್ಚಿಕೊಂಡ ಮಲಗಾಕಿ. ಕಾಲ ಚಾಚಿ ಮಲಗ ಗಂಗೀ ಅಂದ್ರ, ರೂಢಿ ಇಲ್ಲಕ್ಕಾ ಅನ್ನಾಕಿ."

ಸತ್ತವರು ಮಲಗಿದ್ದ ಗಾದಿಯನ್ನು ಊರ ಹೊರಗೆ ಒಗೆದು ಬರುವುದು ನಮ್ಮ ಕಡೆಯ ಪದ್ಧತಿ. ಗಂಗವ್ವನಿಗೂ ಅದು ಗೊತ್ತಿತ್ತು.

"ನನ್ನ ಕೈ ಹಿಡದು ಹೇಳಿದಳು. ನನ್ನ ಒಮ್ಮೆ ಹೊರಗ ಹಾಕ್ಯಾರಕ್ಕಾ, ನನ್ನ ಗಾದೀನ ಹೊರಗ ಹಾಕಬ್ಯಾಡ ಅಂತ. ಹಂಗ ಇಟಗೊಂಡ್ರ ಮಂದಿ ಬಿಡ್ತಾರೇನು? ಅದಕ ಗವಸು ಅಷ್ಟ ಊರ ಹೊರಗ ಒಗಸಿ, ಅರಳಿ ತಗದಿಟ್ಟೆ. ನಿಮ್ಮ ಗಾದಿ ಮಾಡಸೋ ಮುಂದ ನಡುವ ತುಂಬಿಸಿದೆ. ಇಬ್ಬರ ನಡುವ ಬೆಚ್ಚಗ ಇರಲಿ ಅಂತ."

ಮದುವೆಯ ಗಾದಿಗೆ ಸತ್ತವರ ಅರಳೆ ತುಂಬುವುದೇ ಎಂದು ಜಗಳ ತೆಗೆಯಬೇಕೆಂದು ಬಾಯಿ ತೆರೆದೆ. ಅತ್ತೆ ಗಟ್ಟಿ ಹೆಂಗಸು, ನನ್ನಂಥವರನ್ನು ಒಂದೇ ಮಾತಿನಲ್ಲಿ ಕೂರಿಸುವವರು. ಅಂದು ಅವರು ಆ ಅರಳೆಯನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದ ರೀತಿ ನೋಡಿ, ಜಗಳ ಬಿಟ್ಟು, ಅವರು ಕೆಳಗಿಟ್ಟ ಮೊರ ಎತ್ತಿಕೊಂಡು ಉಳಿದ ಅಕ್ಕಿ ಆರಿಸತೊಡಗಿದೆ.

ಹಿಂಜುವವನು ಮರಳಿ ಬಂದು ಹಳೆಯದು ಹೊಸದು ಎಲ್ಲ ಕೂಡಿಸಿ ಹಿಂಜಿದ. ಇನ್ನು ಯಾವುದು ಗಂಗವ್ವನದು ಯಾವುದು ನಮ್ಮದು ಎಂದು ದೇವರೂ ಹೇಳಲಾರ. ಗಾದಿ ನೆಲದಂತೆ ಸಮವಾಗಿ ಎದ್ದಿತು. ಮುಂದಿನ ಅಮಾವಾಸ್ಯೆಯೊಳಗೆ ತಗ್ಗು ಅದೇ ಜಾಗಕ್ಕೆ ಬಂದಿತ್ತು. ಮಂಚದ ಹಲಗೆ ಬಾಗಿರಬೇಕೆಂದು ಬಡಗಿಯನ್ನು ಕರೆಸಿ ಹಲಗೆ ಬದಲಿಸಿದೆ. ಗಾದಿಯ ತಲೆಯ ಕಡೆಯನ್ನು ಕಾಲಿಗೆ ಮಾಡಿದೆ, ಮಗುಚಿ ಹಾಕಿದೆ. ಆಮೇಲೆ ಬಿಟ್ಟುಬಿಟ್ಟೆ. ಮನುಷ್ಯರು ಯಾವುದಕ್ಕೂ ಹೊಂದಿಕೊಳ್ಳುತ್ತಾರೆ ನೋಡಿ, ಬರಬರುತ್ತ ನನಗೆ ಆ ತಗ್ಗಿಗೆ ಬೆನ್ನು ಹಾಕಿದರೆ ಮಾತ್ರ ನಿದ್ದೆ ಬರುವಂತಾಯಿತು. ಅತ್ತೆ ತೀರಿಕೊಂಡಾಗ ಅವರ ಗಾದಿ ಪದ್ಧತಿಯಂತೆ ಊರ ಹೊರಗೆ ಹೋಯಿತು. ಇವರಿಗೆ ಈ ಯಾವ ಸುದ್ದಿಯೂ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಹೀಗೇ ನಡೆಯುತ್ತಿತ್ತೋ ಏನೋ. ಹೋದ ವರ್ಷ ಇವರ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದರು, ಗುಳಿಗೆ ನುಂಗುತ್ತಾರೆ, ಉಣಕಲ್ ಕೆರೆಯ ದಂಡೆಯಲ್ಲಿ ಅಡ್ಡಾಡಿ ಬರುತ್ತಾರೆ, ಆರಾಮಿದ್ದಾರೆ. ಆರಾಮಿಲ್ಲದವಳು ನಾನು. ಎಚ್ಚರವಾದೊಡನೆ ಇವರ ಉಸಿರು ಕೇಳಬೇಕು. ಅಷ್ಟು ದೂರದ ಅಂಚಿನಿಂದ ಅದು ಕೇಳುತ್ತಿರಲಿಲ್ಲ. ಕೈ ಚಾಚಿದರೆ ಇವರ ಎದೆಗಿಂತ ಮೊದಲು ಆ ಬೆಚ್ಚನೆಯ ತಗ್ಗು ಸಿಗುತ್ತಿತ್ತು, ನನ್ನ ಕೈ ಅಲ್ಲೇ ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಇವರು ಹಲ್ಲುಜ್ಜಲು ಹೋದಾಗ ನಾನು ಆ ಜಾಗಕ್ಕೆ ಕೇಳುವಂತೆ ಹೇಳಿಬಿಟ್ಟೆ.

"ಇಷ್ಟ ವರ್ಷ ಜಾಗಾ ಕೊಟ್ಟೇನ್ರಿ ಚಿಗವ್ವಾರ. ನನ್ನ ಗಂಡ ಇರೋತನಕಾ ನನಗ ಆತನ ಬಾಜೂಕ ಮಲಗಬೇಕಾಗೇತಿ."

ಸೀಮೆಸುಣ್ಣ ಹಿಡಿದು ವಿಜ್ಞಾನ ಕಲಿಸುವವಳು ಗಾದಿಯ ಜೊತೆ ಮಾತಾಡಲು ಕಲಿತದ್ದು ಹೀಗೆ. ಇವರಿಗೆ ಬೆನ್ನಿನ ನೆಪ ಹೇಳಿ ರಾಯಾಪುರಕ್ಕೆ ಹೊರಡಿಸಿದೆ. ಅಲ್ಲಿ ನಡೆದದ್ದನ್ನು ಆಗಲೇ ಹೇಳಿದೆ. ಆ ಹುಡುಗಿಯ ಮಾತಿನ ನಂತರ ನಾವು ಬೇರೆ ಗಾದಿ ನೋಡಲಿಲ್ಲ, ಅದನ್ನೇ ಗೊತ್ತುಮಾಡಿ ಹೊರಗೆ ಬಂದೆವು.

ಗಾದಿ ತಂದವರು ಹೊಸದನ್ನು ಮಂಚಕ್ಕೆ ಹಾಕಿ, ಹಳೆಯದನ್ನು ಸುರುಳಿ ಸುತ್ತಿ ಹಗ್ಗ ಬಿಗಿದರು. ಹಳೆಯದನ್ನು ಅಂಗಡಿಯವರೇ ಒಯ್ಯುತ್ತಾರಂತೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ತಲಬಾಗಿಲು ದಾಟಬೇಕು, ಅಷ್ಟರಲ್ಲಿ ಇವರು ಅಡ್ಡ ಬಂದರು.

"ಅದನ್ನ ಒಯ್ಯಬ್ಯಾಡ್ರಿ. ಹಿಂದಿನ ಖೋಲ್ಯಾಗ ಇಡ್ರಿ."

ಅವರು ಗೊಣಗುತ್ತ ಇಟ್ಟು ಹೋದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. "ಆ ಗಾದ್ಯಾಗ ಏನೈತಿ ಅಂತ ನಿಮಗ ಗೊತ್ತೈತೇನ್ರಿ?" ಎಂದು ಕೇಳಿದೆ.

"ಅವ್ವ ನಿನಗೊಬ್ಬಾಕಿಗೇ ಹೇಳ್ಯಾಳಂತ ತಿಳದಿಯೇನು?" ಇವರು ಹೆಗಲ ಮೇಲಿನ ಟವೆಲು ತೆಗೆದು ಮಡಚಿದರು, ಮತ್ತೆ ಬಿಚ್ಚಿದರು. "ನನಗೂ ಮದಲ ಮದಲ ಹೆದರಿಕಿ ಆಗತಿತ್ತು. ಈಗಿಲ್ಲ. ನನ್ನ ಎದೀದು ಯಾರಿಗೆ ಗೊತ್ತೈತಿ. ನಾ ಮುಂದ ಹ್ವಾದೆ ಅಂದ್ರ ನೀ ಒಬ್ಬಾಕೀನ ಮಲಗಬೇಕಾಗತೈತಿ. ಅದು ಇರಲಿ. ಬಾಜೂಕ ಒಬ್ಬರಾದ್ರೂ ಇರ್ತಾರ."

"ಹುಚ್ಚರಂಗ ಮಾತಾಡಬ್ಯಾಡ್ರಿ," ಎಂದು ಬೈದು ಒಳಗೆ ಹೋದೆ. ತೊಳೆಯಲು ಪಾತ್ರೆ ಇರಲಿಲ್ಲ, ಆದರೂ ನಳ ಬಿಟ್ಟುಕೊಂಡು ಬಹಳ ಹೊತ್ತು ನಿಂತೆ.

ಈಗ ನಾವು ಹೊಸ ಗಾದಿಯ ಮೇಲೆ ಮಲಗುತ್ತೇವೆ, ನಡುವೆ ಜಾಗವಿಲ್ಲದಂತೆ. ಬೆಳಗಾದಾಗ ನನ್ನ ಕೈ ಇವರ ಎದೆಯ ಮೇಲಿರುತ್ತದೆ, ಅದು ಬಡಿಯುತ್ತಿರುತ್ತದೆ. ಇಷ್ಟು ವರ್ಷ ಇಂಥದೊಂದು ಸುಖ ಇದೆಯೆಂದೇ ಗೊತ್ತಿರಲಿಲ್ಲ. ಬಸ್ಸಿನ ವಾಸನೆಯನ್ನೂ ಸಹಿಸಿಕೊಂಡಿದ್ದೇನೆ.

ಇವತ್ತು ಭಾನುವಾರ. ಹಿಂದಿನ ಕೋಣೆಯಲ್ಲಿ ಗಾದಿ ಮುಗ್ಗಲು ಹಿಡಿಯಬಾರದೆಂದು ಬಿಸಿಲಿಗೆ ಹಾಕಲು ಹೊರಟೆ. ಇವರು ಭಾರ ಎತ್ತಬಾರದು, ನಾನೊಬ್ಬಳೇ ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗಿ ಮಾಳಿಗೆಯ ಮೇಲೆ ಹಾಸಿದೆ. ಏದುಸಿರು ಬಂದು ಅದರ ಮೇಲೇ ಕೂತೆ, ಸೊಂಟ ನೋಯುತ್ತಿತ್ತೆಂದು ಅಡ್ಡಾದೆ. ಅಷ್ಟು ವರ್ಷದಲ್ಲಿ ಆ ತಗ್ಗಿನೊಳಗೆ ನಾನು ಮಲಗಿದ್ದು ಅದೇ ಮೊದಲು.

ನಾನು ಕೈಕಾಲು ಚಾಚಿ ಮಲಗುವವಳು. ಅಲ್ಲಿ ನನ್ನ ಮೊಣಕಾಲುಗಳು ತಾವಾಗಿ ಎದೆಗೆ ಬಂದವು. ಹೆಗಲಿಗೆ ಹೆಗಲಿನ ಜಾಗ, ಸೊಂಟಕ್ಕೆ ಸೊಂಟದ ಜಾಗ, ಮೊಣಕಾಲಿಗೆ ಮೊಣಕಾಲಿನ ಜಾಗ, ಎಲ್ಲ ಅಳೆದಿಟ್ಟ ಹಾಗೆ ಇದ್ದವು. ಅತ್ತೆಯ ಟ್ರಂಕಿನಲ್ಲಿ ಗಂಗವ್ವನ ಕುಪ್ಪಸವೊಂದಿದೆ. ಸಣ್ಣ ಹುಡುಗಿಯ ಅಳತೆಯದು, ನನ್ನ ತೋಳು ಅದರಲ್ಲಿ ಹೋಗುವುದಿಲ್ಲ. ನಾನು ಎತ್ತರದ, ದಪ್ಪ ಹೆಂಗಸು. ಆದರೂ ತಗ್ಗು ನನಗೆ ಎಲ್ಲೂ ಬಿಗಿಯಾಗಲಿಲ್ಲ, ನನಗೆಂದೇ ಅಳತೆ ತೆಗೆದ ಹಾಗಿತ್ತು.

ಹೆದರಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಹಾಯೆನಿಸಿತು. ಬೆನ್ನ ಹಿಂದೆ ಯಾರೋ ಸರಿದು ಜಾಗ ಮಾಡಿಕೊಟ್ಟ ಹಾಗೆ ಅರಳೆ ಮೆಲ್ಲಗೆ ಕುಸಿಯಿತು. ಕಣ್ಣು ಮುಚ್ಚಿಬರತೊಡಗಿತು.

"ಎಲ್ಲಿ ಅದೀ? ಚಾ ಆರಾಕತ್ತೇತಿ," ಎಂದು ಕೆಳಗಿನಿಂದ ಇವರು ಕೂಗಿದರು.

ಕೂಗುವವರು ಇನ್ನೂ ಇದ್ದಾರೆ. "ಬಂದೆನ್ರೀ," ಎಂದೆ. ಮೊಣಕಾಲು ಬಿಚ್ಚಿ ಏಳಲು ಒಂದಿಷ್ಟು ಹೊತ್ತು ಹಿಡಿಯಿತು. ಗಾದಿಯನ್ನು ಬಿಸಿಲಿಗೆ ಬಿಟ್ಟು, ಮೆಟ್ಟಿಲ ಕಟಾಂಜನ ಹಿಡಿದುಕೊಂಡು, ಚಹಾ ಆರುವ ಮೊದಲು ಕೆಳಗಿಳಿದೆ.