ಹದಿಮೂರಕ್ಕೆ ಭಾಗ ಹೋಗುವ ಸಂಖ್ಯೆ

ಶ್ರಾವಣದಲ್ಲಿ ಮಸ್ಕಿಯ ನಮ್ಮ ಓಣಿಯ ಹೆಂಗಸರೆಲ್ಲ ಕೂಡಿ ಶಿವನಾಮ ಬರೆಯುವ ಹರಕೆ ಹೊತ್ತೆವು. ಎಲ್ಲರದೂ ಸೇರಿ ಒಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು ಸಲ ಆಗಬೇಕು. ಗುಡಿಯ ಅಯ್ಯನವರು ಹಾಕಿದ ಕಟ್ಟಳೆ ಒಂದೇ: ಪಾಲು ಎಲ್ಲರಿಗೂ ಸಮ ಬರಬೇಕು, ಒಂದೂ ಉಳಿಯಬಾರದು. ಶಾಲೆಯಲ್ಲಿ ನಾನು ಲೆಕ್ಕಕ್ಕೆ ಚುರುಕಿದ್ದೆನೆಂದು ಪಾಲು ಹಾಕುವ ಕೆಲಸ ನನಗೇ ಬಂತು.

ಆರು ಒಂದುಗಳ ಆ ಸಂಖ್ಯೆ ನೋಡಲು ಸಾದಾ, ಒಳಗೆ ಬಲು ಹಟಮಾರಿ. ಸಮಸಂಖ್ಯೆಯ ಯಾವ ಗುಂಪಿಗೂ ಬಗ್ಗುವುದಿಲ್ಲ. ಐದಕ್ಕೂ ಇಲ್ಲ. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಇವಿಷ್ಟನ್ನೂ ಒಂದಕ್ಕೊಂದು ಗುಣಿಸಿದರೆ ಸರಿಯಾಗಿ ಅದೇ ಬರುತ್ತದೆ. ನಾವಿದ್ದದ್ದು ಹನ್ನೆರಡು ಮಂದಿ, ಮೂರು ಉಳಿಯುತ್ತಿತ್ತು.

ಅಷ್ಟರಲ್ಲಿ ಪಾಮನಕಲ್ಲೂರಿನಿಂದ ನನ್ನ ನೆಗೆಣ್ಣಿ ಬಂದಳು. ಅವಳ ಗಂಡ, ಅಂದರೆ ನನ್ನ ಮೈದುನ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ.

"ಯಕ್ಕಾ, ನನ್ನೂ ಸೇರಿಸ್ಕೋ. ಅವರ ಒಂದು ಕೈಯರ ಎದ್ದೀತು."

ಅವಳು ಸೇರಿದರೆ ಹದಿಮೂರು. ತಲೆಗೆ ಎಂಟು ಸಾವಿರದ ಐನೂರಾ ನಲವತ್ತೇಳು. ಆ ಉತ್ತರ ಬರೆದ ಹಾಳೆ ನನ್ನ ಕೈಯಲ್ಲೇ ಇತ್ತು. ಆದರೆ ನನ್ನ ಮಗಳನ್ನು ನೋಡಲು ಸಿಂಧನೂರಿನವರು ಬಂದಾಗ ಇದೇ ನೆಗೆಣ್ಣಿ ಚಹಾ ಕೊಡುತ್ತ, "ಹುಡುಗಿ ಕಣ್ಣು ಒಂಚೂರು ಸೊಟ್ಟ ಅದಾವ ನೋಡ್ರಿ, ಮೊದ್ಲ ಹೇಳಿಬಿಡೋದು ಚಲೋ" ಅಂದಿದ್ದಳು. ಅವರು ಮತ್ತೆ ಬರಲಿಲ್ಲ.

"ಹದಿಮೂರಕ್ಕ ಭಾಗ ಹೋಗಂಗಿಲ್ಲ ಬೇ," ಅಂದೆ. "ನಿನ್ನ ಸಲುವಾಗಿ ಶಿವನ ಲೆಕ್ಕ ಮುರೀಲೇನು?"

"ಕರೀದಿದ್ರೂ ಬಂದು ಶೇಷ ಉಳಿಯಾಕಿ ಈಕಿ!" ಎಂದು ಅಲ್ಲೇ ಕೂತಿದ್ದ ಓಣಿಯವಳೊಬ್ಬಳು ಆಡಿಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೈ ನಡುಗುವ ಮುದುಕಿಯೊಬ್ಬಳನ್ನು ಬಿಡಿಸಿ ಹನ್ನೊಂದು ಮಂದಿ ಮಾಡಿದೆ. ತಲೆಗೆ ಹತ್ತು ಸಾವಿರದ ನೂರಾ ಒಂದು. ಮುದುಕಿಗೂ ಬಿಡುವೇ ಬೇಕಿತ್ತು; ಅದೂ ದೇವರ ಕರುಣೆ ಎಂದುಕೊಂಡೆ.

ಅಮಾವಾಸ್ಯೆ ದಿನ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಒಳಗೆ ನೋಟುಬುಕ್ಕು ಜೋಡಿಸುತ್ತಿದ್ದೆ. ನೆಗೆಣ್ಣಿ ಬಂದು ಸೆರಗಿನಡಿಯಿಂದ ಮೂರು ನೋಟುಬುಕ್ಕು ತೆಗೆದಿಟ್ಟಳು.

"ಎಂಟು ಸಾವಿರದ ಐನೂರಾ ನಲವತ್ತೇಳು ಅದಾವ. ಕಿರಾಣಿ ಅಂಗಡಿಯಾವ ಕ್ಯಾಲ್ಕುಲೇಟರ್ ಒತ್ತಿ ತೋರಿಸ್ದ ಯಕ್ಕಾ. ಹದಿಮೂರಕ್ಕ ಹೋಗ್ತೈತಿ."

ನಾನು ತಲೆ ಎತ್ತಲಿಲ್ಲ. "ಈಗ ಸಂಖ್ಯೆ ತುಂಬೈತಿ. ಒಂದು ಹೆಚ್ಚಾದ್ರೂ ಕೆಡ್ತೈತಿ." ಈ ಸಲ ನಾನು ಸುಳ್ಳು ಹೇಳಿರಲಿಲ್ಲ.

"ಹಂಗಾದ್ರ ಇವನ್ನೇನ್ ಮಾಡ್ಲಿ?"

"ಮನ್ಯಾಗ ಇಟ್ಕೋ."

ಪಡಸಾಲೆ ದಾಟಿ ಹೋಗುವಾಗ ಅವಳು ಯಾರ ಮುಂದೂ ಬಾಯಿ ಬಿಡಲಿಲ್ಲ. ಶಿವ ನನ್ನ ಮಾನ ಉಳಿಸಿದ.

ಮೈದುನನ ಕೈ ಇನ್ನೂ ಎದ್ದಿಲ್ಲ. ಆ ಮೂರು ನೋಟುಬುಕ್ಕುಗಳನ್ನು ಅವಳು ಅದೇ ಕೈಯಡಿ ಇಟ್ಟಿರುತ್ತಾಳೆ. ನಾನು ಹೋದಾಗೆಲ್ಲ ಅವನು ಇನ್ನೂ ಆಡುವ ಅರ್ಧ ಬಾಯಿಯಲ್ಲಿ "ಅತ್ತಿಗೆವ್ವಾ" ಎಂದು ನಗುತ್ತಾನೆ. ಅವನಿಗೂ ಅವಳು ಹೇಳಿಲ್ಲ.