ಸವೆಯದ ಈಳಿಗೆ

ಈಳಿಗೆಮಣೆಯ ಹರಿತವನ್ನು ಪರೀಕ್ಷಿಸಬೇಕಾದರೆ ಕುಂಬಳಕಾಯಿ ತರಬಾರದು, ಹಣ್ಣಾದ ಟೊಮೇಟೊ ತರಬೇಕು. ಕುಂಬಳಕಾಯಿ ಹೆಚ್ಚುವವರ ತೋಳಿನ ಬಲವನ್ನು ಹೇಳುತ್ತದೆಯೇ ಹೊರತು ಅಲಗಿನ ಯೋಗ್ಯತೆಯನ್ನಲ್ಲ. ಟೊಮೇಟೊವಾದರೋ, ಅಲಗು ತುಸು ಮೊಂಡಾಗಿದ್ದರೂ ಸಾಕು, ಸಿಪ್ಪೆಯನ್ನು ಮಾತ್ರ ಬಿಟ್ಟುಕೊಡದೆ ಒಳಗಿನದನ್ನೆಲ್ಲ ಹೆಚ್ಚುವವರ ಮಡಿಲಿಗೆ ಸುರಿದುಬಿಡುತ್ತದೆ. ವಜ್ರದ ಮೊನೆಯಿಂದ ಉಕ್ಕನ್ನು ಚುಚ್ಚಿ ಅದರ ಕಾಠಿಣ್ಯವನ್ನು ಅಂಕಿಯಲ್ಲಿ ತೋರಿಸುವ ಯಂತ್ರದ ಎದುರು ಅರ್ಧ ಆಯುಷ್ಯ ಕಳೆದ ನಾನು ಈ ಸತ್ಯವನ್ನು ಕಂಡುಕೊಂಡದ್ದು ಅಣ್ಣಾ ನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯ ನೆಲದ ಮೇಲೆ, ಹೆಂಡತಿಗೆ ನೆರವಾಗುವ ಉತ್ಸಾಹದಲ್ಲಿ ಒಳ್ಳೆಯ ಅಂಗಿಯೊಂದನ್ನು ಹಾಳುಮಾಡಿಕೊಂಡ ಭಾನುವಾರದಂದು. ನನ್ನಂಥವನ ಮನೆಯಲ್ಲಿ ಮೊಂಡು ಈಳಿಗೆಯೇ ಎಂದು ನನಗೆ ವಿಪರೀತ ಅವಮಾನವಾಯಿತು.

ಮದ್ರಾಸು ಚೆನ್ನೈ ಎಂದು ಹೆಸರು ಬದಲಿಸಿಕೊಂಡು ಎರಡು ಮೂರು ವರ್ಷವಾಗಿದ್ದ ಕಾಲ ಅದು. ಅಂಬತ್ತೂರು ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಕುಲುಮೆಗಳ ಮೇಲ್ವಿಚಾರಕನಾಗಿದ್ದೆ. ಜನರೆಲ್ಲ ಬಿಸಿಲಿಗೆ ಹೆದರಿ ಫ್ಯಾನಿನ ಕೆಳಗೆ ಕೂರುವ ಊರಿನಲ್ಲಿ, ಸಾವಿರ ಡಿಗ್ರಿಯ ಬಾಗಿಲಿನ ಮುಂದೆ ನಿಂತು ಜೀವನ ಮಾಡುವ ನನ್ನನ್ನು ನಂಜನಗೂಡಿನ ನೆಂಟರು ಯಾವುದೋ ಜನ್ಮದ ಪಾಪ ತೀರಿಸುತ್ತಿರುವವನೆಂದೇ ತಿಳಿದಿದ್ದರು. ನನಗೇನೋ ಆ ಕೆಲಸದಲ್ಲಿ ಸುಖವಿತ್ತು. ನಮ್ಮಲ್ಲಿಗೆ ಬರುತ್ತಿದ್ದ ಉಕ್ಕುಗಳಲ್ಲೆಲ್ಲ ನನಗೆ ಪ್ರಿಯವಾದದ್ದು ಡಿ-ಟೂ ಎಂಬ ಸಪ್ಪೆ ಹೆಸರಿನದು. ಕಾರಿಗೂ ಫ್ಯಾನಿಗೂ ಬೇಕಾದ ತಗಡಿನ ಭಾಗಗಳನ್ನು ಕಾಯಿಸದೆಯೇ ಕತ್ತರಿಸುವ ಅಚ್ಚುಗಳಿಗೆ ಅದನ್ನು ಬಳಸುತ್ತಾರೆ. ಅದರಲ್ಲಿ ಇಂಗಾಲವೂ ಕ್ರೋಮಿಯಮ್ಮೂ ಧಾರಾಳವಾಗಿದ್ದು, ಅವೆರಡೂ ಕೂಡಿ ಉಕ್ಕಿನ ಮೈಯೊಳಗೆಲ್ಲ ಕಣ್ಣಿಗೆ ಕಾಣದ ಗಡಸು ಕಣಗಳಾಗಿ ಕೂತಿರುವುದರಿಂದ, ಎಷ್ಟು ತಗಡು ಕತ್ತರಿಸಿದರೂ ಅಂಚು ಸುಲಭಕ್ಕೆ ಸವೆಯುವುದಿಲ್ಲ.

ಆದರೆ ಅದಕ್ಕೆ ಅವಸರ ಆಗದು. ಕುಲುಮೆಯಲ್ಲಿ ಒಮ್ಮೆಲೇ ಕಾಯಿಸಿದರೆ ಮುನಿಸಿಕೊಂಡು ಸೊಟ್ಟಗಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ, ನಡುನಡುವೆ ನಿಲ್ಲಿಸಿ ಸುಧಾರಿಸಿಕೊಳ್ಳಲು ಬಿಟ್ಟು, ಸಾವಿರದ ಇಪ್ಪತ್ತು ಡಿಗ್ರಿಗೆ ಏರಿಸಬೇಕು. ಹೊರಗೆ ತೆಗೆದ ಮೇಲೆ ನೀರೂ ಬೇಡ, ಎಣ್ಣೆಯೂ ಬೇಡ, ಬರೀ ಗಾಳಿಗೇ ಗಟ್ಟಿಯಾಗುವ ಅಪರೂಪದ ಗುಣ ಅದರದು. ಅಂಗೈ ತಾಳುವಷ್ಟು ಬಿಸಿಗೆ ಇಳಿದ ಕೂಡಲೇ, ಪೂರ್ತಿ ತಣ್ಣಗಾಗಲು ಬಿಡದೆ, ಇನ್ನೂರು ಡಿಗ್ರಿಯ ಒಲೆಯಲ್ಲಿಟ್ಟು ಒಳಗಿನ ಬಿಗಿಯನ್ನು ಸಡಿಲಿಸಬೇಕು, ಒಂದು ಸಲವಲ್ಲ, ಎರಡು ಸಲ. ಈ ಉಪಚಾರವನ್ನು ತಪ್ಪಿಸಿದರೆ, ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದ ಅಚ್ಚು ಯಾರೂ ಮುಟ್ಟದೆಯೇ ಟಿಣ್ಣೆಂದು ಸೀಳಿಹೋಗುವುದುಂಟು. ಇಷ್ಟೆಲ್ಲ ಸೂಕ್ಷ್ಮವನ್ನು ಉಕ್ಕಿನ ವಿಷಯದಲ್ಲಿ ಬಲ್ಲವನು ಮನೆಯ ವಿಷಯದಲ್ಲಿಯೂ ಬಲ್ಲವನಾಗಿರಬಹುದೆಂದು ಓದುಗರು ಊಹಿಸಿದರೆ, ಅದು ಅವರ ಒಳ್ಳೆಯತನ.

ನನ್ನ ಹೆಂಡತಿ ನೀಲಾ ಗುಳೇದಗುಡ್ಡದವಳು, ಖಣದ ವ್ಯಾಪಾರಿಯ ಮಗಳು. ಮದುವೆಯಾದ ಹೊಸತರಲ್ಲಿ ಅವಳ ಮಾತಿನಲ್ಲಿದ್ದ ‘ಹೌದ್ರಿ’, ‘ಭಾಳ’, ‘ಬ್ಯಾಡ್ರಿ’ಗಳನ್ನು ಕೇಳಿ ನಾನು ನಗುತ್ತಿದ್ದೆ, ಪ್ರೀತಿಯ ನಗುವೇ, ಆದರೆ ನಗು. ಇಲ್ಲಿನ ಕನ್ನಡ ಮನೆಗಳೆಲ್ಲ ಒಂದೊಂದು ಸೀಮೆಯವು. ರೈಲ್ವೆಯಲ್ಲಿದ್ದ ಮಂಡ್ಯದವರು, ಬ್ಯಾಂಕಿನ ಉಡುಪಿಯವರು, ವಿಮೆಯ ಮೈಸೂರಿನವರು. ಹಬ್ಬಕ್ಕೆ ಕೂಡಿದಾಗ ಆ ಮನೆಗಳ ಹೆಂಗಸರು, “ನೀಲಾ, ನಿಮ್ಮ ಕಡೆ ಮಾತಲ್ಲಿ ಏನಾದ್ರೂ ಹೇಳ್ರೀ, ಕೇಳಕ್ಕೆ ಚೆನ್ನಾಗಿರತ್ತೆ,” ಎಂದು ಒತ್ತಾಯಿಸುತ್ತಿದ್ದರು. ಅವಳು ಒಂದೆರಡು ಸಲ ಹೇಳಿದಳು, ಅವರು ನಕ್ಕರು, ಆಮೇಲೆ ಹೇಳುವುದನ್ನು ಬಿಟ್ಟಳು. ಹತ್ತು ವರ್ಷದಲ್ಲಿ ಅವಳ ಕನ್ನಡ ನನ್ನ ಕನ್ನಡದ ಹಾಗೆಯೇ ಆಗಿ, ನಡುವೆ ತಮಿಳಿನ ‘ತಕ್ಕಾಳಿ’, ‘ಪರವಾಯಿಲ್ಲೆ’ಗಳೂ ಸೇರಿಕೊಂಡವು. ಮಗಳಂತೂ ನಾವು ಕನ್ನಡದಲ್ಲಿ ಏನೇ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ನಾನು ಇದನ್ನೆಲ್ಲ ಹೊಂದಾಣಿಕೆ ಎಂದು ಕರೆದು ಮೆಚ್ಚಿಕೊಂಡಿದ್ದೆ.

ಅವಳ ಮಾತು ಪೂರ್ತಿ ಮಾಯವಾಗಿರಲಿಲ್ಲ ಎನ್ನುವುದು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನು ಮೌಲಾಸಾಬ, ಸೈಕಲ್ಲಿನ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಬರುತ್ತಿದ್ದವನು. “ಕತ್ತೀ, ಅರುವಾಮಣೈ, ಸಾಣೈ!” ಎಂದು, ಚಾಕು ಈಳಿಗೆಗಳಿಗೆ ಸಾಣೆ ಎಂದು, ತಮಿಳಿನಲ್ಲಿ ಕೂಗುತ್ತ ಬಂದವನು ಒಂದು ದಿನ ಸೈಕಲ್ಲಿನ ಸರಪಳಿ ಕಳಚಿದಾಗ ಅದಕ್ಕೆ ಬೈದದ್ದು ಮಾತ್ರ ಅಪ್ಪಟ ಬಾಗಲಕೋಟೆಯ ಕನ್ನಡದಲ್ಲಿ. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ನೀಲಾ ಆ ಬೈಗುಳ ಕೇಳಿ ಹಸಿ ಬಟ್ಟೆಯನ್ನು ಹಾಗೇ ಬಿಟ್ಟು ಕೆಳಗಿಳಿದಳಂತೆ. ಅವನ ಊರು ಕೆರೂರು. ಅವಳ ಊರಿಗೆ ಹತ್ತಿರ. ಅಂದಿನಿಂದ ತಿಂಗಳಿಗೊಮ್ಮೆ ಈಳಿಗೆ ಕೆಳಗಿಳಿಯುವುದು, ಅವನು ಪೆಡಲು ತುಳಿಯುತ್ತ ಸಾಣೆ ಹಿಡಿಯುವುದು, ಇವಳು ಗೇಟಿನ ಕಂಬಕ್ಕೆ ಒರಗಿ ನಿಂತು ಊರಿನ ಮಳೆ, ರೊಟ್ಟಿಯ ಜೋಳ, ಬಸ್‌ ನಿಲ್ದಾಣದ ಹುಣಸೇಮರ ಇದೆಯೋ ಕಡಿದರೋ ಎಂಬುದನ್ನೆಲ್ಲ ವಿಚಾರಿಸುವುದು ನಡೆದು ಬಂದಿತ್ತು. “ಅಂದ ಸಾಣೈಕ್ಕಾರರ್ ಉನ್ ಫ್ರೆಂಡಾಮ್ಮಾ?” ಎಂದು, ಅವನು ನಿನ್ನ ಗೆಳೆಯನೇನಮ್ಮಾ ಎಂದು, ಮಗಳು ತಮಾಷೆ ಮಾಡುತ್ತಿದ್ದಳು. ನನ್ನ ಪಾಲಿಗೆ ಅವನು ಮೆತ್ತನೆಯ ಕಬ್ಬಿಣವನ್ನು ತಿಂಗಳು ತಿಂಗಳು ಸವೆಸಿ ಹಾಳುಮಾಡುವ ಮನುಷ್ಯ, ಅಷ್ಟೇ.

ಟೊಮೇಟೊದ ಅವಮಾನವಾದ ಮೇಲೆ ನಾನು ಸುಮ್ಮನಿರಲಿಲ್ಲ. ಕಾರ್ಖಾನೆಯಲ್ಲಿ ಉಳಿದಿದ್ದ ಡಿ-ಟೂ ಪಟ್ಟಿಯೊಂದನ್ನು ಅನುಮತಿ ಕೇಳಿ ಪಡೆದು, ಅಚ್ಚು ಮಾಡುವ ವಿಭಾಗದ ಮಿತ್ರರನ್ನು ಕಾಡಿ ಬೇಡಿ ಈಳಿಗೆಯ ಬಾಗು ಕೊಡಿಸಿ, ಅದನ್ನು ದೊಡ್ಡ ಗಿರಾಕಿಯ ಅಚ್ಚಿನಷ್ಟೇ ಶ್ರದ್ಧೆಯಿಂದ ಕುಲುಮೆಗೆ ಹಾಕಿದೆ. ಗಾಳಿಯಲ್ಲಿ ಆರುತ್ತಿದ್ದಾಗ ಹತ್ತಿರವೇ ನಿಂತು ಕಾದೆ. ಅಂಗೈ ತಾಳುವ ಬಿಸಿ ಬಂದೊಡನೆ ಎತ್ತಿ ಒಲೆಯಲ್ಲಿಟ್ಟೆ. ಯಂತ್ರ ಕಾಠಿಣ್ಯ ಅರವತ್ತು ಎಂದು ತೋರಿಸಿತು, ಒಳ್ಳೆಯ ಅಚ್ಚಿಗೆ ತಕ್ಕ ಅಂಕಿ. ಹಲಸಿನ ಮಣೆಗೆ ಕೂರಿಸಿ ಮನೆಗೆ ತಂದಾಗ ನೀಲಾ ಹೆಚ್ಚಿದ ಮೊದಲ ಹುರುಳಿಕಾಯಿ ಸದ್ದೇ ಮಾಡಲಿಲ್ಲ. ಪಕ್ಕದ ಮನೆಯವರು ಬಂದು ನೋಡಿ ಹೋದರು. “ಇನ್ನು ಐದು ವರ್ಷ ಸಾಣೆಯವನ ಮುಖ ನೋಡಬೇಕಾಗಿಲ್ಲ,” ಎಂದು ನಾನು ಘೋಷಿಸಿದೆ. ನೀಲಾ ತುಂಬ ಚೆನ್ನಾಗಿದೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಹಳೆಯದು ಎಲ್ಲಿ ಎಂದು ಕೇಳಿದಳು. ಗುಜರಿಗೆ ಹಾಕಿದೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಮೂರು ನಾಲ್ಕು ತಿಂಗಳು ಕಳೆದಿರಬೇಕು. ಕನ್ನಡನಾಡಿನಲ್ಲೆಲ್ಲ ಈ ಊರಿನ ಹೆಸರಿನಿಂದಲೇ ಕರೆಯುವ ಕಣ್ಣುಬೇನೆ, ಮದ್ರಾಸ್ ಐ, ಕೊನೆಗೂ ನನಗೆ ತಗುಲಿ, ಕಾರ್ಖಾನೆಯವರು ಹತ್ತಿರ ಸೇರಿಸದೆ ಮನೆಗೆ ಅಟ್ಟಿದರು. ಕಪ್ಪು ಕನ್ನಡಕ ಹಾಕಿಕೊಂಡು ಹಾಡುಹಗಲಲ್ಲಿ ಬಾಲ್ಕನಿಯಲ್ಲಿ ಕುಳಿತಿದ್ದಾಗ ಮೌಲಾಸಾಬನ ಕೂಗು ಕೇಳಿತು. ನೀಲಾ ಒಲೆ ಆರಿಸಿ, ನನ್ನ ಈಳಿಗೆಯನ್ನೇ ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿದಳು. ನನಗೆ ಆಶ್ಚರ್ಯವಾಯಿತು, ಸಿಟ್ಟೂ ಬಂತು; ಅರವತ್ತು ಅಂಕಿಯ ಅಲಗನ್ನು ಬೀದಿಯ ಕಲ್ಲಿಗೆ ಕೊಡುವುದೇ!

ಅವನು ಅಲಗನ್ನು ಚಕ್ರಕ್ಕೆ ತಾಗಿಸಿದ. ಸಾಧಾರಣ ಉಕ್ಕಾದರೆ ಬೆಳ್ಳಗೆ ಕವಲೊಡೆದು ಚಿಮ್ಮುವ ಕಿಡಿ, ಇದರಲ್ಲಿ ಕೆಂಪಗೆ ಗಿಡ್ಡಗೆ ಬಂದು ಆರಿಹೋಯಿತು. ಅವನು ತಕ್ಷಣ ಪೆಡಲು ನಿಲ್ಲಿಸಿ, ಅಂಚಿನ ಮೇಲೆ ಅಡ್ಡಡ್ಡ ಹೆಬ್ಬೆರಳಾಡಿಸಿ, ತಲೆಯಲ್ಲಾಡಿಸಿದ.

“ಈ ಕಬ್ಬಣ ಬ್ಯಾರೆ ಐತ್ರಿ ಅಕ್ಕಾರ. ಕಿಡಿ ನೋಡ್ರಿ, ಅರಳವಲ್ವು. ಯಾರ ಮಾಡ್ಯಾರೋ, ಕಸಬು ಬಲ್ಲಾಂವ ಮಾಡ್ಯಾನ.”

“ಇರ್ಲಿ ಹಿಡಿಯೋ ಯಣ್ಣಾ, ಒಂದೀಟು ಹಿಡಿ.”

“ಇದಕ್ಕೇನಾಗೇತ್ರಿ? ಕೂದಲಾ ಸೀಳೂ ಹಂಗ ಐತಿ. ಸುಮ್ಮ ಸುಮ್ಮನ ಸಾಣಿ ಹಿಡದ್ರ ಒಳ್ಳೆ ಅಲಗ ಹಾಳಾಕ್ಕೈತ್ರಿ.”

ಅವನು ಈಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗೌರವದಿಂದ ಹಿಂದಕ್ಕೆ ಕೊಟ್ಟ. ಹೋದ ಸಲ ಕತ್ತರಿ ಕೊಟ್ಟಿದ್ದಳಂತೆ, ಅದರ ಹಿಂದಿನ ಸಲ ಪಕ್ಕದ ಮನೆಯ ಚಾಕು. ಈ ಸಲ ಬೇರೇನೂ ಉಳಿದಿರಲಿಲ್ಲ. ಕೆಲಸವಿಲ್ಲದ ಕಡೆ ನಿಲ್ಲುವಷ್ಟು ಪುರುಸೊತ್ತು ಅವನಿಗೆಲ್ಲಿ? ಸೈಕಲ್ ತಳ್ಳಿಕೊಂಡು ಹೊರಟ. ಅವನ ಕೂಗು ಮುಂದಿನ ತಿರುವು ದಾಟಿ ಕೇಳಿಸದಾಗುವವರೆಗೂ ನೀಲಾ ಈಳಿಗೆ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದಳು. ನಾನು ಕಪ್ಪು ಕನ್ನಡಕ ತೆಗೆದೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅಷ್ಟೇ ಸಾಕಾಯಿತು.

ಹೆಂಗಸೊಬ್ಬಳು ಸಾಣೆಯವನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಸುಮ್ಮನೆ ಊರಿನ ಮಾತಾಡುವುದು ನಮ್ಮ ಬೀದಿಯಲ್ಲಿ ಆಗುವ ಮಾತಲ್ಲ. ಅದಕ್ಕೊಂದು ಕೆಲಸ ಬೇಕು, ಕೆಲಸಕ್ಕೊಂದು ಮೊಂಡು ಅಲಗು ಬೇಕು. ಆ ಮೊಂಡನ್ನು ನಾನು ಸಾವಿರದ ಇಪ್ಪತ್ತು ಡಿಗ್ರಿಯಲ್ಲಿ ಸುಟ್ಟುಹಾಕಿದ್ದೆ. ಹಾಗೆಂದು ಅಂದೇ ಅವಳ ಬಳಿ ಹೋಗಿ ತಪ್ಪಾಯಿತು ಎಂದೆನೇ? ಇಲ್ಲ. ನನ್ನ ಈಳಿಗೆಯನ್ನು ಕಸಬು ಬಲ್ಲವನೊಬ್ಬ ಹೊಗಳಿದನೆಂಬ ಸಂತೋಷ ಇನ್ನೂ ಉಳಿದಿತ್ತು. ಅದು ಇಳಿದು ನಾಚಿಕೆ ಏರಲು, ನನ್ನ ಸ್ವಭಾವಕ್ಕೆ, ಸುಮಾರು ಒಂದು ವರ್ಷ ಹಿಡಿಯಿತು. ಆ ವರ್ಷ ಮೌಲಾಸಾಬ ಬೀದಿಯಲ್ಲಿ ಹಾದುಹೋಗುತ್ತಿದ್ದ, ನೀಲಾ ಬಾಲ್ಕನಿಯಿಂದ ಕೈಯೆತ್ತುತ್ತಿದ್ದಳು, ಅವನು ಗಂಟೆ ಬಾರಿಸುತ್ತಿದ್ದ. ಬಾಲ್ಕನಿಯಿಂದ ಕೂಗಿ ಹೇಳುವಂಥ ಮಾತುಗಳಲ್ಲ ಅವು.

ಕೊನೆಗೊಂದು ದಿನ ಈಳಿಗೆಯ ಅಲಗನ್ನು ಬಿಚ್ಚಿ, ಪರೀಕ್ಷೆಗೆ ಬೇಕೆಂದು ಸುಳ್ಳು ಹೇಳಿ, ಕಾರ್ಖಾನೆಗೆ ಒಯ್ದೆ. ಗಟ್ಟಿ ಮಾಡಿದ್ದನ್ನು ಮೆತ್ತಗೆ ಮಾಡುವುದೂ ಒಂದು ವಿದ್ಯೆಯೇ. ಕೆಂಪಗೆ ಕಾಯಿಸಿ, ಕುಲುಮೆಯ ಬಾಗಿಲು ತೆರೆಯದೆ, ಗಂಟೆಗೆ ಹತ್ತು ಹದಿನೈದು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಈ ಉಕ್ಕಿಗೆ ಗಾಳಿ ಸೋಕಿದರೆ ಮತ್ತೆ ಗಟ್ಟಿಯಾಗುವ ಹಟ. ಹೊರಗೆ ಬಂದ ಅಲಗನ್ನು ಯಂತ್ರಕ್ಕೆ ಹಿಡಿದೆ; ನನ್ನ ವೃತ್ತಿಜೀವನದಲ್ಲೇ ಎಂದೂ ಅಷ್ಟು ಕೆಳಗಿನ ಅಂಕಿಗೆ ನಾನು ಖುಷಿಪಟ್ಟಿರಲಿಲ್ಲ. ಮೇಲಿನ ಕಪ್ಪನ್ನು ಉಜ್ಜಿ ತೆಗೆದು, ಮೊದಲಿನ ಹೊಳಪನ್ನೇ ಕೊಟ್ಟು, ತಂದು ಮಣೆಗೆ ಕೂರಿಸಿದೆ. ಮೂರು ವಾರದಲ್ಲಿ ಈಳಿಗೆ ಚೆನ್ನಾಗಿ ಮೊಂಡಾಯಿತು.

ಮೌಲಾಸಾಬ ಆ ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ನಾನು ರಜೆಯ ದಿನಗಳಲ್ಲಿ ಯಾವುದೋ ನೆವ ಹೇಳಿಕೊಂಡು ಬೀದಿಬೀದಿ ಅಲೆದೆ. ಒಂದು ಸಲ ವಡಪಳನಿಯವರೆಗೂ ಹೋಗಿ, ದೇವಸ್ಥಾನದ ಹೊರಗೆ ಚಕ್ರ ತುಳಿಯುತ್ತಿದ್ದ ಇನ್ನೊಬ್ಬ ಸಾಣೆಯವನನ್ನು ಕೇಳಿದೆ. “ಅಂದ ಕನ್ನಡಕ್ಕಾರರಾ? ತೆರಿಯಲೈ ಸಾರ್,” ಎಂದ ಅವನು, ಗೊತ್ತಿಲ್ಲ ಸಾರ್ ಎಂದು. ಆ ಹೊತ್ತಿಗೆ ನಮ್ಮ ಬೀದಿಯ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗಿ, ಗೇಟಿಗೆ ಕಾವಲುಗಾರರು ಬಂದು, ಕೂಗಿಕೊಂಡು ಬರುವವರೆಲ್ಲರೂ ಕಡಿಮೆಯಾಗಿದ್ದರು. ಅವನು ಕೆರೂರಿಗೇ ಹೋದನೋ, ಬೇರೆ ಬೀದಿ ಹಿಡಿದನೋ, ತಿಳಿಯಲಿಲ್ಲ. ನನಗೆ ಅವನ ಕೂಗು ಬೇಕಾಗಿತ್ತು. ಅವನ ಕೂಗಿಗೆ ದಡದಡನೆ ಮೆಟ್ಟಿಲಿಳಿಯುವ ನೀಲಾಳ ಹೆಜ್ಜೆಯ ಸದ್ದು ಅದಕ್ಕಿಂತ ಹೆಚ್ಚಾಗಿ ಬೇಕಾಗಿತ್ತು.

ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಅವಳು ಬದನೆಕಾಯಿ ಹೆಚ್ಚಲು ಒದ್ದಾಡುತ್ತಿದ್ದುದನ್ನು ನೋಡಲಾರದೆ ನಾನು ಕಬ್ಬಿಣ ಉಜ್ಜುವ ಅರವನ್ನು ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ. ಈಗ ಮೆತ್ತಗಿದೆಯಲ್ಲ, ನಾಲ್ಕು ಸಲ ಉಜ್ಜಿದರೆ ಸರಿಹೋಗುತ್ತದೆ ಎಂದೇನೋ ಬಾಯಿತಪ್ಪಿ ಹೇಳಿದೆ. ಅವಳು ಈಳಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ನನ್ನ ಮುಖ ನೋಡಿದಳು. ಮದುವೆಯಾದ ಮೊದಲ ವರ್ಷದ ನಂತರ ನನ್ನೊಡನೆ ಎಂದೂ ಆಡದಿದ್ದ ಮಾತಿನಲ್ಲಿ ಹೇಳಿದಳು:

“ಇಷ್ಟ ಕಷ್ಟಪಟ್ಟು ಮೆತ್ತಗ ಮಾಡ್ಕೊಂಡ್ ಬಂದೀರಿ, ಮತ್ಯಾಕ ಹರಿತ ಮಾಡ್ತೀರಿ? ಇರ್ಲಿ ಬಿಡ್ರಿ. ನಾಳಿ ಅಂವ ಬಂದ್ರ ಏನ್ ಕೊಡ್ಲಿ?”