ಪ್ರೇಮನಾಥರ ಸೊಂಟ, ಆರು ಡ್ರಮ್ ಹಿಟ್ಟು

ಡೊಂಬಿವಲಿಯಲ್ಲಿ ಇಡ್ಲಿ ಹಿಟ್ಟು ರುಬ್ಬಿಸಿ ಹೋಟೆಲುಗಳಿಗೆ ಕಳಿಸುವ ಪ್ರೇಮನಾಥರಿಗೆ ಐವತ್ತೆರಡು ವರ್ಷ. ಇಷ್ಟು ವರ್ಷಗಳಲ್ಲಿ ಅವರು ಮನಸ್ಸಿಟ್ಟು ತಿಳಿದುಕೊಂಡದ್ದು ಒಂದೇ ಸಂಗತಿ, ತಮ್ಮ ಸೊಂಟ. ಅವರ ಪಿಕಪ್ ಓಡಿಸುವವರು ನನ್ನ ಅಪ್ಪ ಮುಂಡಪ್ಪ. ಹಾಗಾಗಿ ಆ ಸೊಂಟದ ಸುದ್ದಿ ನಮ್ಮ ಮನೆಗೆ ದಿನವೂ ಬರುತ್ತದೆ.

ಪ್ರೇಮನಾಥರು ರಸ್ತೆಗಳನ್ನು ಹೆಸರಿನಿಂದಲ್ಲ, ನೋವಿನಿಂದ ಗುರುತಿಸುತ್ತಾರೆ. ಕಾಂಕ್ರೀಟಿನಲ್ಲಿ ಪ್ರತಿ ಜೋಡಣೆಗೂ ಬೆನ್ನಿಗೊಂದು ಕುಟ್ಟು. ಪೇವರ್ ಬ್ಲಾಕ್ ಹಾಸಿದಲ್ಲಿ ಹಲ್ಲು ಕಟಕಟ. ಕಿತ್ತುಹೋದ ಡಾಂಬರಿನಲ್ಲಿ ಅವರು ನೇರವಾಗಿ ದೇವರನ್ನೇ ಕರೆಯುತ್ತಾರೆ. ಮುಂಜಾನೆ ಹಿಟ್ಟು ಹೊತ್ತು ಗಾಡಿ ಹೊರಡುವಾಗ ಅವರು ಮಲಗಿರುತ್ತಾರೆ. ಮಧ್ಯಾಹ್ನ ಖಾಲಿ ಡ್ರಮ್ ತರಲು ಹೋಗುವಾಗ ಮಾತ್ರ ದಿಂಬು ಹಿಡಿದು ಹತ್ತುತ್ತಾರೆ, ಗಿರಾಕಿಗಳಿಗೆ ಮುಖ ತೋರಿಸಲು. ಪಿಕಪ್ ಭಾರಕ್ಕೆಂದೇ ಮಾಡಿದ ಗಾಡಿ. ಖಾಲಿ ಇದ್ದರೆ ಕುಣಿಯುತ್ತದೆ, ಭಾರ ಬಿದ್ದರೆ ತೆಪ್ಪಗಾಗುತ್ತದೆ. ಅಪ್ಪ ಇದನ್ನು ಅವರಿಗೆ ಕಡಿಮೆಯೆಂದರೂ ಮೂರು ಸಲ ಹೇಳಿದ್ದಾರೆ.

ಹೋದ ತಿಂಗಳು ಖಾರಘರದ ಒಂದು ಕಾಲೇಜು ಕ್ಯಾಂಟೀನಿನಿಂದ ದಿನಕ್ಕೆ ಆರು ಡ್ರಮ್ ಹಿಟ್ಟು ಬೇಕೆಂಬ ಮಾತು ಬಂತು. ಅಷ್ಟು ದೊಡ್ಡ ಆರ್ಡರ್ ಹಿಂದೆಂದೂ ಬಂದಿರಲಿಲ್ಲ. ಸೋಮವಾರ ಒಂದು ದಿನ ಕೊಟ್ಟು ತೋರಿಸಬೇಕು, ಒಪ್ಪಿಗೆಯಾದರೆ ವರ್ಷವಿಡೀ ನಡೆಯುತ್ತದೆ. ಅವತ್ತು ತಾವೇ ಜೊತೆಗೆ ಹೋಗುವುದೆಂದು ನಿರ್ಧರಿಸಿದ ಪ್ರೇಮನಾಥರು ಹಿಟ್ಟಿನ ಬಗ್ಗೆ ಯೋಚಿಸಲಿಲ್ಲ, ಸೀಟಿನ ಬಗ್ಗೆ ಯೋಚಿಸಿದರು. ಶನಿವಾರವೇ ಪಿಕಪ್ಪನ್ನು ಗ್ಯಾರೇಜಿಗೆ ಒಯ್ದು, ಹಿಂದಿನ ಚಕ್ರಗಳ ಮೇಲೆ ಒಂದರ ಮೇಲೊಂದು ಜೋಡಿಸಿದ್ದ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಎರಡೆರಡನ್ನು, ಸವಾರಿ ಮೆತ್ತಗಾಗಲೆಂದು, ತೆಗೆಸಿದರು.

"ಲೋಡ್ ಹಾಕಿದ್ರೆ ಗಾಡಿ ಕೂತು ಬಿಡ್ತದೆ ಧಣಿ," ಎಂದರು ಅಪ್ಪ.

"ನೀನು ಸ್ಟೇರಿಂಗ್ ಹಿಡಿ ಮಾರಾಯ. ಇಂಜಿನಿಯರ್ ಆಗ್ಬೇಡ."

ಭಾನುವಾರ ಖಾಲಿ ಗಾಡಿಯನ್ನು ಘೋಡಬಂದರ್ ರಸ್ತೆಗೆ ಓಡಿಸಿ, ತೊಡೆಯ ಮೇಲೆ ಚಹಾದ ಲೋಟ ಇಟ್ಟುಕೊಂಡು ಪರೀಕ್ಷೆ ಮಾಡಿದರು. ನುಣುಪಾದ ರಸ್ತೆ, ಖಾಲಿ ಗಾಡಿ, ಅರ್ಧ ಲೋಟ ಚಹಾ. ಇಂಥ ಪರೀಕ್ಷೆಯಲ್ಲಿ ಯಾರೂ ಫೇಲಾಗುವುದಿಲ್ಲ.

ಸೋಮವಾರ ಡ್ರಮ್ಮುಗಳಲ್ಲಿ ಹಿಟ್ಟು ಬಾಯಿಯವರೆಗೆ ಉಬ್ಬಿತ್ತು. ಶೀಳ್ ರಸ್ತೆಯ ಕಾಂಕ್ರೀಟಿಗೆ ಬಂದದ್ದೇ ಹಿಂದೆ ಉಕ್ಕಿಗೆ ಉಕ್ಕು ಬಡಿಯತೊಡಗಿತು.

"ಎಂತ ಶಬ್ದ ಅದು?"

"ಆರು ಡ್ರಮ್ ಧಣಿ."

"ಸ್ವಲ್ಪ ನಿಧಾನ ಹೋಗು."

"ಇದಕ್ಕಿಂತ ನಿಧಾನ ಹೋದ್ರೆ ನಿಲ್ತದೆ."

ತಳೋಜಾ ಕಡೆಯ ಕಿತ್ತ ಡಾಂಬರಿನಲ್ಲಿ ಪ್ರತಿ ಗುಂಡಿಗೂ ಗಾಡಿಯ ಹಿಂಭಾಗ ಎತ್ತಿ ಒಗೆದಂತೆ ಬಿತ್ತು. ಪ್ರೇಮನಾಥರು ದಿಂಬನ್ನು ನಾಲ್ಕು ಸಲ ಸರಿಮಾಡಿಕೊಂಡರು. ಹಿಟ್ಟು ಏನಾಯಿತೆಂದು ಒಂದು ಸಲವೂ ಕೇಳಲಿಲ್ಲ.

ಕ್ಯಾಂಟೀನ್ ನೋಡಿಕೊಳ್ಳುವ ವಿಮಲಾ ಕಾರ್ಕಳದವರು. ಮಾತಿಗೆ ಮುಂಚೆ ಒಂದು ಲೋಟ ನೀರು ತರಿಸಿ, ಅದಕ್ಕೆ ಒಂದು ಚಮಚ ಹಿಟ್ಟು ಬಿಟ್ಟರು. ಚೆನ್ನಾಗಿ ಉಬ್ಬಿದ ಹಿಟ್ಟು ತೇಲುತ್ತದೆ. ದಾರಿಯುದ್ದಕ್ಕೂ ಕುಲುಕಿ ಗಾಳಿ ಕಳೆದುಕೊಂಡ ಇದು ಸೀದಾ ತಳಕ್ಕೆ ಹೋಗಿ ಕೂತಿತು. ಇನ್ನೂ ಎರಡು ಡ್ರಮ್ಮಿನಿಂದ ತೆಗೆದು ನೋಡಿದರು. ಅವೂ ಮುಳುಗಿದವು.

"ಅಲ್ಲಿ ಬಾಯಿವರೆಗೆ ಉಬ್ಬಿತ್ತು ವಿಮಲಕ್ಕ!"

"ಅಲ್ಲಿ ಉಬ್ಬಿದ್ದನ್ನು ಇಲ್ಲಿ ಮಕ್ಕಳಿಗೆ ಹೇಗೆ ಬಡಿಸುವುದು? ಇವತ್ತು ದೋಸೆ ಹೊಯ್ದುಕೊಳ್ತೇನೆ. ನಾಳೆಯಿಂದ ಬರುವುದು ಬೇಡ ಅಣ್ಣ."

ಹಿಟ್ಟನ್ನು ಕ್ಯಾಂಟೀನಿನ ಪಾತ್ರೆಗಳಿಗೆ ಸುರಿದು, ಖಾಲಿ ಡ್ರಮ್ ಹೇರಿಕೊಂಡು ವಾಪಸು ಬರುವಾಗ ಪ್ರೇಮನಾಥರು ಮೊದಲು ರಸ್ತೆಯನ್ನು ಬೈದರು, ಆಮೇಲೆ ಕಾಲೇಜನ್ನು, ಆಮೇಲೆ ಕಾರ್ಕಳದವರನ್ನು. ಬೈಯಲು ಯಾರೂ ಉಳಿಯದಿದ್ದಾಗ ಒರಗಿ ಕಣ್ಣು ಮುಚ್ಚಿದರು. ಅದೇ ಕಿತ್ತ ಡಾಂಬರಿನ ಮೇಲೆ ಖಾಲಿ ಗಾಡಿ ಈಗ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

"ಏನೇ ಹೇಳು ಮುಂಡಪ್ಪ, ಸೊಂಟಕ್ಕೆ ಎಷ್ಟು ಹಾಯಾಗ್ತದೆ ನೋಡು."

ಅಪ್ಪ ಕನ್ನಡಿಯಲ್ಲಿ ಆರು ಖಾಲಿ ಡ್ರಮ್ಮುಗಳನ್ನು ನೋಡಿದರು.

"ಹೌದು ಧಣಿ. ಇನ್ನು ದಿನಾ ಹೀಗೇ."